ರಾಡಿಕಲ್ ರೋಡಿನ ಉರುಳುವ ಕಲ್ಲುಗಳು

'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆ ಸ್ಕಾಟ್ಲೆಂಡಿನ ಜನರಿಗೆ ತಿಳಿದಿರಲಾರದು. ಆದರೆ ಅದರ ಅರ್ಥ ಮಾತ್ರ 2018ರ ಸೆಪ್ಟೆಂಬರ್‌ನಲ್ಲಿ ಎಡಿನ್‌ಬರೊ ನಗರದವರಿಗೆ ಚೆನ್ನಾಗಿಯೇ ಮನದಟ್ಟಾಯಿತು. ನಗರದ ಮಗ್ಗುಲಲ್ಲೇ ಎದ್ದು ನಿಂತಿರುವ ಸಾಲ್ಸ್‌ಬರಿ ಕ್ರ್ಯಾಗ್ಸ್ ಎಂಬ ಕಡಿದಾದ ಬಂಡೆಗೋಡೆಯಿಂದ ಸುಮಾರು 50 ಟನ್ ಕಲ್ಲು ಕಳಚಿಕೊಂಡು, ಬುಡದಲ್ಲಿ ಹಾದುಹೋಗುವ ಕಾಲುದಾರಿಯ ಮೇಲೆ ಬಿದ್ದಿತು. ಅಂದರೆ ಹತ್ತು ಟನ್ ಹೊರುವ ಐದು ಲಾರಿಗಳ ತುಂಬ ಕಲ್ಲು! ಅದೃಷ್ಟವಶಾತ್ ಯಾರ ಪ್ರಾಣಕ್ಕೂ ಸಂಚಕಾರ ಬರಲಿಲ್ಲ. ಆದರೆ ದಾರಿಯ ಎರಡೂ ತುದಿಗೆ ಬೇಲಿ ಬಿತ್ತು. ಸುಮಾರು ಇನ್ನೂರು ವರ್ಷ ಕಾಲ ಜನ ನಡೆದಾಡಿದ್ದ ದಾರಿ ಬಂದ್ ಆಯಿತು.

ಒಂದು ಕಾಲುದಾರಿ ಮುಚ್ಚಿದ್ದು ಅಷ್ಟು ದೊಡ್ಡ ಸುದ್ದಿಯೇ ಎಂದು ಕೇಳಬಹುದು. ಹೌದು, ಅದು ಸುದ್ದಿಯೇ. ಏಕೆಂದರೆ ಆ ದಾರಿ ಸಾಮಾನ್ಯ ದಾರಿಯಲ್ಲ. ಅದನ್ನು ಕಡಿದವರು ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದ ನೇಕಾರರು. ಅದರ ಮಗ್ಗುಲಿಗಿರುವ ಬಂಡೆ ಭೂಮಿಯ ವಯಸ್ಸಿನ ಬಗ್ಗೆ ಮನುಷ್ಯ ಯೋಚಿಸುವ ಕ್ರಮವನ್ನೇ ಬದಲಿಸಿದ ಬಂಡೆ. ಆ ದಾರಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬ ವಾದ, ಕಲ್ಲು ಬೀಳುವ ಪ್ರವಾಸಿ ತಾಣಗಳನ್ನು ಏನು ಮಾಡಬೇಕು ಎಂಬ ದೊಡ್ಡ ಪ್ರಶ್ನೆಗೆ ಒಂದು ಒಳ್ಳೆಯ ಪಾಠ.

ಆರಿದ ಜ್ವಾಲಾಮುಖಿಯ ಮಗ್ಗುಲಲ್ಲಿ

ಎಡಿನ್‌ಬರೊ ಜ್ವಾಲಾಮುಖಿಗಳ ಅವಶೇಷದ ಮೇಲೆ ಬೆಳೆದ ಊರು. ನಗರದ ಹೆಗ್ಗುರುತಾದ ಕೋಟೆ ನಿಂತಿರುವ ಬಂಡೆ ಒಂದು ಪುರಾತನ ಜ್ವಾಲಾಮುಖಿಯ ಗಂಟಲಲ್ಲಿ ಗಟ್ಟಿಯಾದ ಶಿಲೆ. ಅಲ್ಲಿಂದ ಪೂರ್ವಕ್ಕೆ ಒಂದು ಬೀದಿಯ ಉದ್ದ ಇಳಿದರೆ ಹೋಲಿರೂಡ್ ಅರಮನೆ. ಅದರ ಹಿಂದೆಯೇ ಹೋಲಿರೂಡ್ ಪಾರ್ಕ್. ಪಾರ್ಕಿನ ನಡುವೆ 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಬೆಟ್ಟ. ಸುಮಾರು 34 ಕೋಟಿ ವರ್ಷಗಳ ಹಿಂದೆ ಇದು ಬೆಂಕಿ ಉಗುಳುತ್ತಿತ್ತು.

ಈ ಬೆಟ್ಟಕ್ಕೆ ಎದೆಗವಚದಂತೆ, ನಗರಕ್ಕೆ ಮುಖಮಾಡಿ ನಿಂತಿರುವುದೇ ಸಾಲ್ಸ್‌ಬರಿ ಕ್ರ್ಯಾಗ್ಸ್. ಬೆಟ್ಟದ ಜ್ವಾಲಾಮುಖಿ ಆರಿಹೋದ ಬಹುಕಾಲದ ನಂತರ ಮತ್ತೊಮ್ಮೆ ಶಿಲಾರಸ ನೆಲದಾಳದಿಂದ ಮೇಲೆ ನುಗ್ಗಿತು. ಆದರೆ ಹೊರಬರಲಿಲ್ಲ. ಮರಳುಗಲ್ಲು, ಜೇಡಿಗಲ್ಲುಗಳ ಪದರಗಳ ನಡುವೆ ನುಸುಳಿ, ರೊಟ್ಟಿಯ ನಡುವೆ ಸವರಿದ ಬೆಣ್ಣೆಯಂತೆ ಹರಡಿ ಅಲ್ಲೇ ಗಟ್ಟಿಯಾಯಿತು. ಮುಂದೆ ಹಿಮಯುಗದ ನೀರ್ಗಲ್ಲುಗಳು ಮೇಲಿನ ಮೆದು ಪದರಗಳನ್ನು ಉಜ್ಜಿ ತೆಗೆದವು. ಗಟ್ಟಿ ಶಿಲೆ ಮಾತ್ರ ಉಳಿಯಿತು. ಇಂದು ಅದರ ಗೋಡೆ ಸುಮಾರು 46 ಮೀಟರ್ ಎತ್ತರ.

ಇಲ್ಲೇ ತೊಂದರೆಯ ಮೂಲವೂ ಇದೆ. ಕಾದ ಶಿಲಾರಸ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ಒಣಗಿದ ಕೆರೆಯ ತಳ ಬಿರುಕು ಬಿಟ್ಟಂತೆ. ಉಡುಪಿಯ ಮಲ್ಪೆ ಕಡಲಾಚೆಯ ಸೇಂಟ್ ಮೇರೀಸ್ ದ್ವೀಪಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ಲಾವಾರಸ ಆರುತ್ತಾ ಕಂಬಕಂಬವಾಗಿ ಸೀಳಿ ನಿಂತ ಸೊಬಗೇ ಪ್ರವಾಸಿಗರನ್ನು ಸೆಳೆಯುವುದು. ಎಡಿನ್‌ಬರೊದ ಬಂಡೆಗೋಡೆಯಲ್ಲಿ ಕಂಬಗಳು ಅಷ್ಟು ಅಚ್ಚುಕಟ್ಟಾಗಿಲ್ಲ. ಆದರೆ ಮೇಲಿನಿಂದ ಕೆಳಕ್ಕೆ ಇಳಿದ ಸೀಳುಗಳು ಧಾರಾಳವಾಗಿವೆ. ದೂರದಿಂದ ಒಂದೇ ಬಂಡೆಯಂತೆ ಕಾಣುವ ಗೋಡೆ ನಿಜವಾಗಿ ಒಂದಕ್ಕೊಂದು ಆತು ನಿಂತ ಸಾವಿರಾರು ತುಂಡುಗಳ ಒಟ್ಟಿಲು.

ಈ ಸೀಳುಗಳಿಗೆ ಮಳೆನೀರು ಇಳಿಯುತ್ತದೆ. ಚಳಿಗಾಲದ ರಾತ್ರಿ ಅದು ಮಂಜುಗಡ್ಡೆಯಾಗುತ್ತದೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿದ ಮಂಜು ಬೆಣೆ ಬಡಿದಂತೆ ಬಂಡೆಯನ್ನು ಸೀಳುತ್ತದೆ. ಹಗಲು ಕರಗುತ್ತದೆ, ನೀರು ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ರಾತ್ರಿ ಮತ್ತೆ ಬೆಣೆ. ಪೊದೆಗಳ ಬೇರುಗಳೂ ಇದೇ ಕೆಲಸ ಮಾಡುತ್ತವೆ. ಕೆಳಗಿನ ಮೆದು ಪದರಗಳು ಬೇಗ ಸವೆದು ಮೇಲಿನ ಗಟ್ಟಿ ಕಲ್ಲಿನ ಬುಡ ಪೊಳ್ಳಾಗುತ್ತದೆ. ಒಂದು ದಿನ, ಯಾವ ಮುನ್ಸೂಚನೆಯೂ ಇಲ್ಲದೆ, ತುಂಡು ಕಳಚುತ್ತದೆ.

ಹಟನ್ ಓದಿದ ಬಂಡೆ

18ನೇ ಶತಮಾನದಲ್ಲಿ ಈ ಬಂಡೆಗೋಡೆ ಕಾಣುವಂತೆಯೇ ಮನೆಮಾಡಿಕೊಂಡಿದ್ದವನು ಜೇಮ್ಸ್ ಹಟನ್. 1726ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದವನು. ಓದಿದ್ದು ವೈದ್ಯಶಾಸ್ತ್ರ, ಮಾಡಿದ್ದು ಬೇಸಾಯ, ಹೆಸರಾದದ್ದು ಭೂವಿಜ್ಞಾನದಲ್ಲಿ! ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್, ರಸಾಯನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಅವನ ಆಪ್ತ ಗೆಳೆಯರು.

ಆ ಕಾಲದಲ್ಲಿ ಭೂಮಿಗೆ ಕೆಲವೇ ಸಾವಿರ ವರ್ಷ ವಯಸ್ಸು ಎಂಬುದು ಯೂರೋಪಿನ ಬಹುಜನರ ನಂಬಿಕೆ. ಬಂಡೆಗಳೆಲ್ಲ ಆದಿಕಾಲದ ಒಂದು ಮಹಾಸಾಗರದ ನೀರಿನಿಂದ ಕೆಳಗಿಳಿದು ಗಟ್ಟಿಯಾದವು ಎಂಬುದು ಹಲವು ಪಂಡಿತರ ವಾದ. ಹಟನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಕ್ರ್ಯಾಗ್ಸ್‌ನ ಬುಡದ ಒಂದು ಕಡೆ ಕಪ್ಪು ಶಿಲೆಯು ಕೆಳಗಿನ ಪದರಶಿಲೆಯ ಒಳಕ್ಕೆ ನುಗ್ಗಿ, ಪದರಗಳನ್ನು ಬಗ್ಗಿಸಿ ಮೇಲೆತ್ತಿರುವುದು ಅವನ ಕಣ್ಣಿಗೆ ಬಿತ್ತು. ನೀರಿನಿಂದ ನಿಧಾನವಾಗಿ ಇಳಿದ ಕಲ್ಲು ಹೀಗೆ ಬಲವಂತವಾಗಿ ನುಗ್ಗಲು ಸಾಧ್ಯವೇ? ಇಲ್ಲ. ಹಾಗಾದರೆ ಅದು ಒಮ್ಮೆ ಕಾದು ಕರಗಿದ ರಸವಾಗಿತ್ತು. ಪದರಶಿಲೆ ಆಗಲೇ ಅಲ್ಲಿತ್ತು. ಒಂದರ ಮೇಲೊಂದು ಪದರ ಕೂಡಲು, ಅದು ಗಟ್ಟಿಯಾಗಲು, ಆಮೇಲೆ ರಸ ನುಗ್ಗಲು, ಮತ್ತೆ ಎಲ್ಲವೂ ಸವೆಯಲು ಕೆಲವು ಸಾವಿರ ವರ್ಷ ಎಲ್ಲಿ ಸಾಕು? 1785ರಲ್ಲಿ ಹಟನ್‌ನ 'ಭೂಮಿಯ ಸಿದ್ಧಾಂತ' ಎಡಿನ್‌ಬರೊದ ರಾಯಲ್ ಸೊಸೈಟಿಯ ಮುಂದೆ ಮಂಡನೆಯಾಯಿತು. ಭೂಮಿಯ ಕಾಲವನ್ನು ಅಳೆಯಲು ಮನುಷ್ಯನ ಇತಿಹಾಸದ ಅಳತೆಗೋಲು ಸಾಲದು ಎಂಬ ವಿಚಾರ ಅಲ್ಲಿಂದ ಬೇರುಬಿಟ್ಟಿತು.

ವಾದ ಅಷ್ಟಕ್ಕೇ ಮುಗಿಯಲಿಲ್ಲ. ಹಟನ್ ತೀರಿಕೊಂಡದ್ದು 1797ರಲ್ಲಿ. ಅದಾಗಿ ಮೂವತ್ತು ವರ್ಷ ಕಳೆಯುತ್ತಾ ಬಂದಾಗಲೂ ಎಡಿನ್‌ಬರೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಜೇಮ್ಸನ್ ಇದೇ ಬಂಡೆಯ ಬಳಿ ವಿದ್ಯಾರ್ಥಿಗಳನ್ನು ಕರೆತಂದು, ಬಂಡೆಯ ಸೀಳಿನಲ್ಲಿ ತುಂಬಿರುವುದು ಮೇಲಿನಿಂದ ಬಿದ್ದ ಕೆಸರು ಎಂದು ಪಾಠ ಹೇಳುತ್ತಿದ್ದ. ಆ ಪಾಠ ಕೇಳಿ ಬೇಸರಗೊಂಡ ವಿದ್ಯಾರ್ಥಿಗಳಲ್ಲಿ ಒಬ್ಬನ ಹೆಸರು ಚಾರ್ಲ್ಸ್ ಡಾರ್ವಿನ್. ತನ್ನ ಆತ್ಮಕಥೆಯಲ್ಲಿ ಆತ ಇದನ್ನು ನೆನಪಿಸಿಕೊಂಡಿದ್ದಾನೆ.

ಹಟನ್ ಗುರುತಿಸಿದ ಜಾಗಕ್ಕೆ ಇಂದು 'ಹಟನ್ಸ್ ಸೆಕ್ಷನ್' ಎಂದೇ ಹೆಸರು. ಅದು ಇರುವುದು ಮುಚ್ಚಿದ ಆ ದಾರಿಯ ಪಕ್ಕದಲ್ಲೇ.

ಲಂಡನ್ ಬೀದಿಗೆ ಎಡಿನ್‌ಬರೊ ಕಲ್ಲು

ಬಂಡೆಯನ್ನು ಒಬ್ಬ ಓದುತ್ತಿದ್ದರೆ ಮತ್ತೊಬ್ಬ ಮಾರುತ್ತಿದ್ದ. ರಾಜನ ಈ ಉದ್ಯಾನದ ಪಾಲಕ ಹುದ್ದೆ ಹ್ಯಾಡಿಂಗ್ಟನ್ ಅರ್ಲ್‌ಗಳ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದಿತ್ತು. ಕಾಯಬೇಕಾದವರು ಕಡಿಯತೊಡಗಿದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಬೀದಿಗಳಿಗೆ ಹಾಸಲು ಈ ಕಪ್ಪು ಗಟ್ಟಿ ಕಲ್ಲಿಗೆ ಒಳ್ಳೆಯ ಬೇಡಿಕೆಯಿತ್ತು. ಕ್ರ್ಯಾಗ್ಸ್‌ನ ಕಲ್ಲು ಹಡಗು ಏರಿ ಲಂಡನ್ನಿನ ಬೀದಿಗಳಿಗೂ ಹೋಯಿತು.

ಗೋಡೆ ವರ್ಷದಿಂದ ವರ್ಷಕ್ಕೆ ಕರಗುವುದನ್ನು ಕಂಡ ನಗರದ ಜನ ಸುಮ್ಮನಿರಲಿಲ್ಲ. 1819ರಲ್ಲಿ ವ್ಯಾಜ್ಯ ಕೋರ್ಟ್ ಮೆಟ್ಟಿಲೇರಿತು. ಹನ್ನೆರಡು ವರ್ಷಗಳ ನಂತರ, 1831ರಲ್ಲಿ, ಬ್ರಿಟನ್ನಿನ ಲಾರ್ಡ್ಸ್ ಸಭೆಯ ತೀರ್ಪಿನೊಂದಿಗೆ ಕಲ್ಲುಗಣಿ ನಿಂತಿತು. ಮುಂದೆ 1840ರ ದಶಕದಲ್ಲಿ ಪಾಲಕನ ಹಕ್ಕನ್ನೇ ಸರ್ಕಾರ ದುಡ್ಡು ಕೊಟ್ಟು ಬಿಡಿಸಿಕೊಂಡಿತು. ನಿಸರ್ಗದ ಒಂದು ನೋಟವನ್ನು ಉಳಿಸಲು ಊರಿನವರು ನಡೆಸಿದ ಹಳೆಯ ಹೋರಾಟಗಳಲ್ಲಿ ಇದೂ ಒಂದು.

ಗಣಿ ನಿಂತಿತು, ಗಾಯ ಉಳಿಯಿತು. ಮಳೆ ಗಾಳಿಗೆ ನಿಧಾನವಾಗಿ ಸವೆದ ಬಂಡೆ ತನ್ನಷ್ಟಕ್ಕೆ ಒಂದು ಇಳಿಜಾರಿಗೆ ಬಂದು ನಿಲ್ಲುತ್ತದೆ. ಸುತ್ತಿಗೆಯ ಹೊಡೆತಕ್ಕೆ ಸಿಕ್ಕಿದ ಬಂಡೆ ಹಾಗಲ್ಲ. ಅದರ ಮುಖ ನೆಟ್ಟಗಾಗುತ್ತದೆ, ಸೀಳುಗಳು ಸಡಿಲವಾಗುತ್ತವೆ, ಕೆಳಗಿನ ಆಸರೆ ಹೋಗುತ್ತದೆ. ಆದ್ದರಿಂದ ಇಂದು ಕ್ರ್ಯಾಗ್ಸ್‌ನಿಂದ ಉರುಳುವ ಕಲ್ಲನ್ನು ಬರೀ ನಿಸರ್ಗದ ಲೆಕ್ಕಕ್ಕೆ ಬರೆಯುವಂತಿಲ್ಲ. ಇನ್ನೂರು ವರ್ಷಗಳ ಹಿಂದಿನ ಲಾಭದ ಬಾಬ್ತೂ ಅದರಲ್ಲಿ ಸೇರಿದೆ.

ವಿಚಿತ್ರವೆಂದರೆ ಬಂಡೆಯ ಒಡಲನ್ನು ಬಗೆದು ತೋರಿಸಿದ್ದೂ ಇದೇ ಗಣಿ. ಕಬ್ಬಿಣದ ಅದಿರಿನ ಎಳೆ ಹಾದುಹೋಗಿದ್ದ ಒಂದು ಬಂಡೆಯನ್ನು ಒಡೆಯದೆ ಉಳಿಸುವಂತೆ ಹಟನ್ ಗಣಿಯವರನ್ನು ಕೇಳಿಕೊಂಡನೆಂಬ ಪ್ರತೀತಿ ಇದೆ. 'ಹಟನ್ಸ್ ರಾಕ್' ಎಂಬ ಆ ಬಂಡೆ ಸುತ್ತಲಿನ ಕಲ್ಲೆಲ್ಲ ಹೋದರೂ ಒಂಟಿಯಾಗಿ ನಿಂತಿದೆ.

ನೇಕಾರರ ಬೆವರು

ಇನ್ನು ದಾರಿಯ ಕಥೆ. 1815ರಲ್ಲಿ ನೆಪೋಲಿಯನ್ ಯುದ್ಧಗಳು ಮುಗಿದವು. ಸೈನಿಕರು ಕೆಲಸ ಹುಡುಕುತ್ತಾ ಊರಿಗೆ ಮರಳಿದರು. ಕೈಮಗ್ಗದ ನೇಕಾರರ ಕೂಲಿ ಪಾತಾಳಕ್ಕಿಳಿಯಿತು. ಹೊರದೇಶದ ಧಾನ್ಯ ಅಗ್ಗವಾಗಿ ಬಾರದಂತೆ ತಡೆದ ಕಾನೂನಿನಿಂದ ಬ್ರೆಡ್ಡಿನ ಬೆಲೆ ಮಾತ್ರ ಇಳಿಯಲಿಲ್ಲ. ಬಡವರಿಗೆ ಮತ ಹಾಕುವ ಹಕ್ಕಿರಲಿಲ್ಲ. ಆಡಳಿತ ಬುಡಸಮೇತ ಬದಲಾಗಬೇಕು ಎಂದು ಕೇಳುವವರಿಗೆ 'ರಾಡಿಕಲ್'ಗಳೆಂಬ ಹೆಸರು ಬಿತ್ತು.

1820ರ ಏಪ್ರಿಲ್ ಮೊದಲ ವಾರ ಗ್ಲಾಸ್ಗೊ ಸುತ್ತಮುತ್ತ ಗೋಡೆಗಳ ಮೇಲೆ ಕರೆಪತ್ರಗಳು ಕಾಣಿಸಿಕೊಂಡವು. ಹತ್ತಾರು ಸಾವಿರ ಕೆಲಸಗಾರರು ಮಗ್ಗ, ಗಣಿ, ಕಾರ್ಖಾನೆ ಬಿಟ್ಟು ಹೊರಬಂದರು. ಒಂದು ಚಿಕ್ಕ ಗುಂಪು ಆಯುಧ ಹಿಡಿದು ಹೊರಟಿತು. ಏಪ್ರಿಲ್ 5ರಂದು ಬಾನಿಮ್ಯೂರ್ ಎಂಬಲ್ಲಿ ಕುದುರೆ ಸೈನ್ಯ ಅವರನ್ನು ಸೆರೆಹಿಡಿಯಿತು. ಜೇಮ್ಸ್ ವಿಲ್ಸನ್, ಜಾನ್ ಬೇರ್ಡ್, ಆಂಡ್ರ್ಯೂ ಹಾರ್ಡಿ ಎಂಬ ಮೂವರನ್ನು ಗಲ್ಲಿಗೇರಿಸಲಾಯಿತು. ಹತ್ತೊಂಬತ್ತು ಮಂದಿಯನ್ನು ಆಸ್ಟ್ರೇಲಿಯಕ್ಕೆ ಗಡೀಪಾರು ಮಾಡಲಾಯಿತು.

ದಂಗೆ ಅಡಗಿತು, ಹಸಿವು ಅಡಗಬೇಕಲ್ಲ? ಕೆಲಸವಿಲ್ಲದ ನೇಕಾರರಿಗೆ ಏನಾದರೂ ಕೆಲಸ ಕೊಡಬೇಕಿತ್ತು. ಸಾಲ್ಸ್‌ಬರಿ ಕ್ರ್ಯಾಗ್ಸ್‌ನ ಬುಡದಲ್ಲಿ ಒಂದು ಒಳ್ಳೆಯ ದಾರಿ ಮಾಡಿಸಿ ಎಂಬ ಸಲಹೆ ಬಂದದ್ದು ಕಾದಂಬರಿಕಾರ ವಾಲ್ಟರ್ ಸ್ಕಾಟ್‌ನಿಂದ. ಆತನ 1818ರ 'ದಿ ಹಾರ್ಟ್ ಆಫ್ ಮಿಡ್‌ಲೋಥಿಯನ್' ಕಾದಂಬರಿಯಲ್ಲಿ ಇಲ್ಲಿಂದ ಕಾಣುವ ನಗರ, ಕಡಲು, ಬೆಟ್ಟಗಳ ನೋಟದ ವರ್ಣನೆ ಇದೆ. ಮಗ್ಗದ ಮುಂದೆ ನೂಲು ಹಿಡಿದ ಕೈಗಳು ಗುದ್ದಲಿ ಹಿಡಿದವು. ಸ್ಕಾಟ್ ದಂಗೆಕೋರರ ಪಕ್ಷಪಾತಿಯಲ್ಲ, ಕಟ್ಟಾ ರಾಜನಿಷ್ಠ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೊಗೆ ಬಂದಾಗ ಉತ್ಸವದ ಉಸ್ತುವಾರಿ ಹೊತ್ತವನೇ ಆತ. ಆದರೆ ದಾರಿಗೆ ಉಳಿದದ್ದು ದೊರೆಯ ಹೆಸರೂ ಅಲ್ಲ, ಸ್ಕಾಟ್‌ನ ಹೆಸರೂ ಅಲ್ಲ. ಜನ ಅದನ್ನು 'ರಾಡಿಕಲ್ ರೋಡ್' ಎಂದೇ ಕರೆದರು. ಮಕ್ಕಳ ನಾಲಿಗೆ ತೊಡರಿಸುವ ಆಟದ ಮಾತಿನಲ್ಲೂ ಆ ಹೆಸರು ಸೇರಿಕೊಂಡಿತು.

ಹೀಗೆ, ಹೊಟ್ಟೆಪಾಡಿಗಾಗಿ ಕಲ್ಲು ಕಡಿದವರ ನೆನಪಿಗೆ ಎಡಿನ್‌ಬರೊದಲ್ಲಿ ಉಳಿದ ದೊಡ್ಡ ಗುರುತೆಂದರೆ ಈ ದಾರಿಯೇ. ಅದನ್ನು ಮುಚ್ಚಿದಾಗ ಜನ ಕೆರಳಿದ್ದು ಬರೀ ವಾಯುವಿಹಾರ ತಪ್ಪಿತೆಂದಲ್ಲ.

ಕಲ್ಲು ಬೀಳದಂತೆ, ಬಿದ್ದರೂ ತಾಗದಂತೆ

ಹಾಗಾದರೆ ಮಾಡುವುದೇನು? ಅಪಾಯವೆಂಬುದು ಎರಡು ಸಂಗತಿಗಳ ಗುಣಾಕಾರ. ಕಲ್ಲು ಬೀಳುವ ಸಂಭವ ಒಂದು. ಅದು ಬೀಳುವ ಹೊತ್ತಿಗೆ ಕೆಳಗೆ ಮನುಷ್ಯ ಇರುವ ಸಂಭವ ಇನ್ನೊಂದು. ಎರಡರಲ್ಲಿ ಯಾವುದನ್ನು ಇಳಿಸಿದರೂ ಅಪಾಯ ಇಳಿಯುತ್ತದೆ. ಎಂಜಿನಿಯರುಗಳು ಮೊದಲನೆಯದರ ಮೇಲೆ ಕೈ ಇಡುತ್ತಾರೆ. ಆಡಳಿತಗಾರರು ಎರಡನೆಯದರ ಮೇಲೆ.

ಎಂಜಿನಿಯರುಗಳ ಮೊದಲ ಉಪಾಯ ಹಗ್ಗ ಕಟ್ಟಿಕೊಂಡು ಇಳಿದು, ಸಡಿಲ ಕಲ್ಲುಗಳನ್ನು ಹಾರೆಯಿಂದ ಮೀಟಿ ಬೀಳಿಸುವುದು. ಹಲ್ಲು ತಾನಾಗಿ ಉದುರುವ ಮೊದಲೇ ಕಿತ್ತು ತೆಗೆದಂತೆ. ಎರಡನೆಯದು ಬಂಡೆಗೆ ಆಳವಾದ ರಂಧ್ರ ಕೊರೆದು ಉಕ್ಕಿನ ಸರಳು ತೂರಿಸಿ, ಹೊರತುಂಡನ್ನು ಒಳಗಿನ ಗಟ್ಟಿ ಶಿಲೆಗೆ ಬಿಗಿಯುವುದು. ಮೂರನೆಯದು ಗೋಡೆಯ ಮೇಲೆ ಉಕ್ಕಿನ ಬಲೆ ಹೊದಿಸುವುದು. ಕಲ್ಲು ಕಳಚಿದರೂ ದೂರ ಚಿಮ್ಮದೆ ಬಲೆಯೊಳಗೇ ಜಾರುತ್ತದೆ. ನಾಲ್ಕನೆಯದು ಬುಡದಲ್ಲಿ ಕಂದಕ ತೋಡಿ ಅಥವಾ ಬಾಗುವ ಬೇಲಿ ಹಾಕಿ, ಬಿದ್ದ ಕಲ್ಲನ್ನು ಅಲ್ಲೇ ಹಿಡಿಯುವುದು. ಇವುಗಳ ಜೊತೆಗೆ ಸೀಳಿಗೆ ನೀರಿಳಿಯದಂತೆ ಮೇಲೆ ಕಾಲುವೆ, ಪೊದೆಗಳ ಸವರಣೆ. ಈಗಂತೂ ಡ್ರೋನ್ ಮತ್ತು ಲೇಸರ್ ಕಿರಣಗಳಿಂದ ಬಂಡೆಯ ಮೈಯನ್ನು ಅಳೆದು, ಹಿಂದಿನ ಅಳತೆಯೊಂದಿಗೆ ಹೋಲಿಸಿ, ಯಾವ ತುಂಡು ಕದಲಿದೆ ಎಂದು ಕಂಡುಹಿಡಿಯುವ ಅನುಕೂಲವೂ ಬಂದಿದೆ.

ಎಡಿನ್‌ಬರೊದ ಕೋಟೆಯ ಬಂಡೆಯಲ್ಲಿ ಬಲೆಯಂಥ ಏರ್ಪಾಡುಗಳು ನಡೆದಿವೆ. ಮೇಲೆ ಕೋಟೆ, ಕೆಳಗೆ ಉದ್ಯಾನ ಮತ್ತು ರಸ್ತೆ. ಎರಡನ್ನೂ ಸರಿಸಲಾಗದು.

ಕ್ರ್ಯಾಗ್ಸ್‌ನ ಸಮಸ್ಯೆ ಬೇರೆ. ಅದು ವಿಜ್ಞಾನದ ದೃಷ್ಟಿಯಿಂದ ಕಾನೂನಿನ ರಕ್ಷಣೆ ಪಡೆದ ತಾಣ. ಹಟನ್ಸ್ ಸೆಕ್ಷನ್ ಮೇಲೆ ಬಲೆ ಹೊದಿಸಿ ಕಾಂಕ್ರೀಟ್ ಮೆತ್ತಿದರೆ ಕಲ್ಲೇನೋ ನಿಂತೀತು; ಆದರೆ ನೋಡಲು ಏನು ಉಳಿದೀತು? ಸಡಿಲ ಕಲ್ಲನ್ನೆಲ್ಲ ಮೀಟಿ ಬೀಳಿಸುತ್ತಾ ಹೋದರೆ ಹಿಂದಿನ ಗಣಿಯ ಕೆಲಸವನ್ನೇ ಮುಂದುವರಿಸಿದಂತೆ. ಅದೂ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಪ್ರತಿ ಚಳಿಗಾಲವೂ ಹೊಸ ಕಲ್ಲನ್ನು ಸಡಿಲಗೊಳಿಸುತ್ತದೆ.

ಪಾರ್ಕನ್ನು ನೋಡಿಕೊಳ್ಳುವ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಸಂಸ್ಥೆ 2018ರಲ್ಲಿ ಹಿಡಿದದ್ದು ಎರಡನೇ ಹಾದಿ: ಜನರನ್ನೇ ದೂರವಿಡುವುದು. ಅದರ ಭಯಕ್ಕೆ ಕಾರಣವಿರಲಿಲ್ಲ ಎನ್ನುವಂತಿಲ್ಲ. ಹವಾಯಿ ದ್ವೀಪಗಳೂ ಜ್ವಾಲಾಮುಖಿಯಿಂದ ಎದ್ದ ನೆಲವೇ. ಅಲ್ಲಿನ ಒವಾಹು ದ್ವೀಪದ 'ಸೇಕ್ರೆಡ್ ಫಾಲ್ಸ್' ಎಂಬ ಜಲಪಾತದ ಕಣಿವೆಯಲ್ಲಿ 1999ರ ಮೇ 9ರಂದು, ಅಮ್ಮಂದಿರ ದಿನದ ಭಾನುವಾರ, ನೋಡಲು ಬಂದವರ ಮೇಲೆ ಮೇಲಿನ ಗೋಡೆಯಿಂದ ಬಂಡೆಗಳು ಸುರಿದವು. ಎಂಟು ಜನ ಸತ್ತರು, ಹಲವಾರು ಮಂದಿ ಗಾಯಗೊಂಡರು. ಎಚ್ಚರಿಕೆ ಸಾಕಷ್ಟಿರಲಿಲ್ಲವೆಂದು ಕೋರ್ಟು ಸರ್ಕಾರವನ್ನೇ ಹೊಣೆ ಮಾಡಿತು. ದುರಂತದ ದಿನ ಬಿದ್ದ ಬೀಗವನ್ನು ಸರ್ಕಾರ ಆಮೇಲೆ ತೆಗೆಯಲೇ ಇಲ್ಲ.

ಬೇಲಿಯೊಂದೇ ಉತ್ತರವೇ?

ಆದರೆ ಬೇಲಿಗೂ ಒಂದು ಬೆಲೆ ಇದೆ. ನಡಿಗೆದಾರರ ಸಂಘಟನೆಗಳು, ನಗರದ ಪರಂಪರೆಯ ಕಾಳಜಿಯುಳ್ಳವರು ಎತ್ತಿದ ಪ್ರಶ್ನೆ ಇದೇ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣೆ ಕಾಯ್ದೆ ಹೊಣೆಯರಿತು ನಡೆಯುವವರಿಗೆ ಬೆಟ್ಟಗುಡ್ಡಗಳಲ್ಲಿ ಓಡಾಡುವ ವಿಶಾಲ ಹಕ್ಕು ಕೊಟ್ಟಿದೆ. ಕಡಿದಾದ ಶಿಖರ ಏರಲು ಅಡ್ಡಿಯಿಲ್ಲದ ನಾಡಿನಲ್ಲಿ ಒಂದು ಕಾಲುದಾರಿಯನ್ನು ಏಕೆ ಮುಚ್ಚಬೇಕು? ಎಷ್ಟು ವರ್ಷ?

ಎರಡೂ ಕಡೆ ನ್ಯಾಯವಿದೆ. ಶಿಖರ ಏರುವವನು ಅಪಾಯ ಅರಿತೇ ಹೊರಡುತ್ತಾನೆ. ನಗರದ ಪಾರ್ಕಿಗೆ ಮಗುವಿನ ಕೈಹಿಡಿದು ಬಂದವಳು ತಲೆಯ ಮೇಲಿನ ಸೀಳನ್ನು ಲೆಕ್ಕ ಹಾಕುವುದಿಲ್ಲ. ಪಾರ್ಕು ಎಂದರೆ ಯಾರೋ ನೋಡಿಕೊಂಡಿದ್ದಾರೆ ಎಂಬ ನಂಬಿಕೆ ಅವಳದು. ಆ ನಂಬಿಕೆಗೆ ಸಂಸ್ಥೆ ಉತ್ತರ ಹೇಳಬೇಕು. ಹಾಗೆಂದು ವರ್ಷಗಟ್ಟಲೆ ಬೇಲಿ ಹಾಕಿ ಕೂತರೆ ಅಪಾಯ ಇಲ್ಲವಾಗುವುದೂ ಇಲ್ಲ. ಬೇಲಿ ಹಾರುವವರು ಎಲ್ಲ ಊರಿನಲ್ಲೂ ಇರುತ್ತಾರೆ.

ಬೀಗ ಮತ್ತು ಬಟ್ಟಬಯಲಿನ ನಡುವೆ ಬೇಕಾದಷ್ಟು ದಾರಿಗಳಿವೆ. ಕಲ್ಲು ಹೆಚ್ಚು ಬೀಳುವ ಭಾಗವನ್ನು ಮಾತ್ರ ಮುಚ್ಚಿ ಉಳಿದದ್ದನ್ನು ತೆರೆಯಬಹುದು. ಹಿಮ ಕರಗುವ ದಿನಗಳಲ್ಲಿ, ದೊಡ್ಡ ಮಳೆಯ ಮರುದಿನ ಮುಚ್ಚಿ, ತಪಾಸಣೆ ಮುಗಿದ ಮೇಲೆ ತೆರೆಯಬಹುದು. ದಾರಿಯನ್ನು ಗೋಡೆಯಿಂದ ನಾಲ್ಕು ಮಾರು ದೂರ ಸರಿಸಬಹುದು. 'ನಿಲ್ಲಬೇಡಿ, ನಡೆಯುತ್ತಿರಿ' ಎಂಬ ಫಲಕವೂ ಉಪಯೋಗಕ್ಕೆ ಬರುತ್ತದೆ. ಬಂಡೆಯ ಕೆಳಗೆ ಅರ್ಧ ನಿಮಿಷದಲ್ಲಿ ದಾಟಿಹೋಗುವವನಿಗಿಂತ ಅಲ್ಲೇ ಕೂತು ಅರ್ಧ ಗಂಟೆ ಬುತ್ತಿ ಉಣ್ಣುವವನಿಗೆ ಅಪಾಯ ಅರವತ್ತು ಪಾಲು ಹೆಚ್ಚು. ಇದು ಸರಳ ಲೆಕ್ಕ. ಈ ಲೆಕ್ಕವನ್ನು ಜನರ ಮುಂದೆ ಬಿಚ್ಚಿಟ್ಟರೆ ಅವರೂ ಅರ್ಥ ಮಾಡಿಕೊಳ್ಳುತ್ತಾರೆ. ಬೀಗ ಜಡಿದು ಸುಮ್ಮನಾದರೆ ಉಳಿಯುವುದು ಸಿಟ್ಟು ಮಾತ್ರ.

ಬಂಡೆ ಬೀಳುವುದನ್ನು ಸಂಪೂರ್ಣ ನಿಲ್ಲಿಸುತ್ತೇವೆ ಎಂದು ಯಾವ ಎಂಜಿನಿಯರನೂ ಮಾತು ಕೊಡಲಾರ. ಬೆಟ್ಟಗಳು ಸವೆಯುತ್ತವೆ, ಸವೆಯುತ್ತಲೇ ಇರುತ್ತವೆ ಎಂದು ಜಗತ್ತಿಗೆ ತೋರಿಸಿಕೊಟ್ಟವನೇ ಹಟನ್. ಆ ಪಾಠ ಕಲಿಸಿದ ಬಂಡೆ ಈಗ ಅದನ್ನೇ ಮತ್ತೊಮ್ಮೆ, ಸ್ವಲ್ಪ ಒರಟಾಗಿ ಹೇಳುತ್ತಿದೆ. ಅದು ಉರುಳುವ ಹೊತ್ತಿಗೆ ಕೆಳಗೆ ಯಾರೂ ನಿಂತಿರದಂತೆ ನೋಡಿಕೊಳ್ಳುವುದು, ಅದೇ ವೇಳೆ ನೇಕಾರರು ಕಡಿದ ದಾರಿ ಮಕ್ಕಳ ಆಟದ ಮಾತಿನಲ್ಲಿ ಮಾತ್ರ ಉಳಿಯದಂತೆ ನೋಡಿಕೊಳ್ಳುವುದು, ಇವೆರಡೂ ಮನುಷ್ಯನ ಕೈಯಲ್ಲಿರುವ ಕೆಲಸಗಳು. ಬೆಟ್ಟಕ್ಕಂತೂ ಅವಸರವಿಲ್ಲ.